ಗಂಡಿಕೋಟೆ: ಕೊರೆದ ನದಿ ಒಂದು, ತುಂಬಿದ ನೀರು ಮತ್ತೊಂದು

ಡಿಸೆಂಬರಿನ ಚಳಿ. ಗೌರಿಬಿದನೂರಿನ ಬೀದಿಗಳಲ್ಲಿ ಹಾಲಿನವರ ಸೈಕಲ್ ಬಿಟ್ಟರೆ ಬೇರೆ ಸದ್ದಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಒಂದು ಮನೆಯ ಮುಂದೆ ಕಾರಿನ ದೀಪ ಹೊತ್ತಿಕೊಂಡಿತು. ಹಿಂದಿನ ಸೀಟಿನಲ್ಲಿ ಒಂಬತ್ತನೇ ತರಗತಿಯ ಮೊಮ್ಮಗಳು, ಆರನೇ ತರಗತಿಯ ಮೊಮ್ಮಗ ಮತ್ತು ಅವರ ತಾಯಿ. ಮುಂದೆ ಕಾರು ಓಡಿಸುವ ಮಗನ ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡ ತಾತ. ಡಿಕ್ಕಿಯಲ್ಲಿ ಚಿತ್ರಾನ್ನ ಮೊಸರನ್ನಗಳ ಬುತ್ತಿ, ಎರಡು ಕ್ಯಾನು ಕುಡಿಯುವ ನೀರು.

ಪ್ರಯಾಣ ಗೊತ್ತಾಗಿದ್ದು ತಾತನ ಹಟದಿಂದ. ಅವರು ಈಜು ಕಲಿತದ್ದು ಊರ ಮಗ್ಗುಲಿನ ಉತ್ತರ ಪಿನಾಕಿನಿಯಲ್ಲಿ. ಆ ಹೊಳೆ ಆಂಧ್ರಕ್ಕೆ ಹೋಗಿ ಪೆನ್ನಾ ಎಂಬ ಹೆಸರು ಪಡೆದು, ಒಂದು ಕಡೆ ಬೆಟ್ಟವನ್ನೇ ಸೀಳಿಕೊಂಡು ಹರಿಯುತ್ತದೆ ಎಂದು ಅವರು ಕೇಳಿದ್ದರು. ಕಣ್ಣು ಚೆನ್ನಾಗಿರುವಾಗಲೇ ಅದನ್ನು ನೋಡಿಬಿಡಬೇಕು ಎನ್ನುವುದು ಅವರ ಆಸೆ. ಆ ಜಾಗವೇ ಕಡಪ ಜಿಲ್ಲೆಯ ಗಂಡಿಕೋಟೆ. ಬೆಂಗಳೂರಿನಿಂದ ಹೋದರೆ ಸುಮಾರು 280 ಕಿ.ಮೀ. ಬೆಳಗಿನ ಜಾವ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರುವುದು ತುಸು ಆಯಾಸದ ಕೆಲಸವಾದರೂ ಸಾಧ್ಯ.

ಬತ್ತಿದ ಹೊಳೆಯ ಸೇತುವೆ

ನಂದಿ ಬೆಟ್ಟದ ಸಾಲು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಘ್ನಿ, ಎಲ್ಲವೂ ಈ ಸುತ್ತಿನವೇ. ಇವುಗಳಲ್ಲಿ ಉತ್ತರ ಪಿನಾಕಿನಿ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಗೌರಿಬಿದನೂರು, ವಿದುರಾಶ್ವತ್ಥ, ಹಿಂದೂಪುರ, ಪಾಮಿಡಿ, ತಾಡಿಪತ್ರಿಗಳನ್ನು ಹಾಯ್ದು, ಒಟ್ಟು 597 ಕಿ.ಮೀ. ಹರಿದು ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಚಿತ್ರಾವತಿ ಬಾಗೇಪಲ್ಲಿ, ಪುಟ್ಟಪರ್ತಿಗಳ ದಾರಿ ಹಿಡಿದು ಗಂಡಿಕೋಟೆಯ ಬಳಿ ಪೆನ್ನೆಯನ್ನು ಕೂಡಿಕೊಳ್ಳುತ್ತದೆ. ಒಂದೇ ಬೆಟ್ಟದ ಸಾಲಿನಿಂದ ಬೇರೆ ಬೇರೆ ದಿಕ್ಕು ಹಿಡಿದ ಎರಡು ಹೊಳೆಗಳು ನೂರಾರು ಮೈಲಿ ಆಚೆ ಮತ್ತೆ ಭೇಟಿಯಾಗುತ್ತವೆ.

ಹಿಂದೂಪುರದ ಹತ್ತಿರ ಕಾರು ಸೇತುವೆಯ ಮೇಲೆ ಬಂದಾಗ ನಸುಬೆಳಕು ಹರಿದಿತ್ತು. ಮೊಮ್ಮಗ ಕಿಟಕಿಯಿಂದ ಬಗ್ಗಿ ನೋಡಿದ. ಕೆಳಗೆ ನೀರಿರಲಿಲ್ಲ. ಸೀಮೆಜಾಲಿಯ ಪೊದೆ, ಮರಳು ತೆಗೆದ ಗುಂಡಿಗಳು, ಅಲ್ಲಲ್ಲಿ ಕಸ.

"ಇದೇನಾ ತಾತ, ನೀವು ಈಜಾಡಿದ ಹೊಳೆ?"

"ಇದೇ ಕಣಪ್ಪ. ಮೇಲಕ್ಕೆ, ನಮ್ಮೂರ ಹತ್ತಿರ. ಮಳೆಗಾಲ ಮುಗಿದ ಮೇಲೂ ಮರಳಲ್ಲಿ ಮೊಣಕಾಲುದ್ದ ಬಗೆದರೆ ನೀರು ಜಿನುಗೋದು. ಅಂಥ ತಲಪರಿಗೆಯಿಂದಲೇ ಕಾಲುವೆ ತೋಡಿ ಗದ್ದೆಗೆ ಬಿಡ್ತಿದ್ವಿ."

ತಲಪರಿಗೆ ಎಂದರೆ ಮರಳಿನಡಿಯ ಒರತೆ. ಮಧುಗಿರಿ, ಪಾವಗಡ, ಗೌರಿಬಿದನೂರಿನ ಕಡೆಯ ಹಳಬರಿಗೆ ಗೊತ್ತಿರುವ ಈ ಮಾತು ಇಂದಿನ ಮಕ್ಕಳಿಗೆ ತಿಳಿಯದು. ಹೊಳೆಯ ಮರಳು ದೊಡ್ಡದೊಂದು ಸ್ಪಂಜಿನಂತೆ. ಮಳೆ ಬಂದಾಗ ಕುಡಿದು, ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುತ್ತದೆ. ಮರಳನ್ನು ಲಾರಿಗೆ ತುಂಬಿ ಕಳಿಸಿದರೆ, ಸುತ್ತಲ ಹೊಲಗಳಲ್ಲಿ ಸಾವಿರ ಅಡಿಯ ಕೊಳವೆಬಾವಿ ಕೊರೆದರೆ, ಒರತೆಗೆ ಉಳಿಯುವುದೇನು? ಅಂತರ್ಜಲದ ಮಟ್ಟ ಹೊಳೆಯ ತಳಕ್ಕಿಂತ ಕೆಳಗಿಳಿದ ಮೇಲೆ, ಬಿದ್ದ ಮಳೆ ನೆಲದೊಳಗೆ ಇಳಿಯುತ್ತದೆಯೇ ಹೊರತು ಹೊಳೆಗೆ ಬರುವುದಿಲ್ಲ. 2021ರ ನವೆಂಬರಿನಂಥ ಭಾರೀ ಮಳೆಯಲ್ಲಿ ಮಾತ್ರ ಪಿನಾಕಿನಿ ಕೆಂಪಗೆ ಉಕ್ಕಿ ಬಂದು, ಕೆಲವೇ ದಿನಗಳಲ್ಲಿ ಮತ್ತೆ ಮಾಯವಾಗುತ್ತದೆ.

ಒಂದು ಹೆಜ್ಜೆಯಲ್ಲಿ ಐವತ್ತು ಕೋಟಿ ವರ್ಷ

ಲೇಪಾಕ್ಷಿ, ಕೊಡಿಕೊಂಡ, ಗೋರಂಟ್ಲ ದಾಟಿ ಕದಿರಿಯ ದಾರಿ ಹಿಡಿದರೆ ಎರಡೂ ಕಡೆ ಕಡಲೆಕಾಯಿ ಕಿತ್ತ ಹೊಲಗಳು, ಅವುಗಳ ನಡುವೆ ಒಂದರ ಮೇಲೊಂದು ಕೂಡಿಸಿಟ್ಟಂತಹ ಗುಂಡು ಬಂಡೆಗಳ ಗುಡ್ಡಗಳು. ಕೋಲಾರ, ಚಿಕ್ಕಬಳ್ಳಾಪುರಗಳ ಮಕ್ಕಳಿಗೆ ಇದು ಹೊಸದಲ್ಲ. ನಂದಿ ಬೆಟ್ಟದ ಬಂಡೆಯೂ ಇದೇ ಜಾತಿಯದು: ಭೂಮಿಯ ಒಡಲಿನಲ್ಲಿ ಕರಗಿದ ಶಿಲೆ ನಿಧಾನವಾಗಿ ತಣಿದು ಹರಳುಗಟ್ಟಿದ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಇದಕ್ಕೆ ಪದರಗಳಿಲ್ಲ. ಬಿಸಿಲು ಮಳೆಗಳಿಗೆ ಸಿಕ್ಕಿ ಮೂಲೆಗಳು ಸವೆದು ಈರುಳ್ಳಿ ಸಿಪ್ಪೆಯಂತೆ ಸುಲಿದು ಗುಂಡಗಾಗುತ್ತದೆ.

ಕದಿರಿ ಕಳೆದು ಪುಲಿವೆಂದುಲದ ಕಡೆ ಸಾಗುತ್ತಿದ್ದಂತೆ ಗುಡ್ಡಗಳ ಆಕಾರ ಬದಲಾಗುತ್ತದೆ. ಗುಂಡು ಬಂಡೆಗಳು ಹಿಂದೆ ಉಳಿದು, ತಲೆ ಸಮತಟ್ಟಾದ, ಮೈಮೇಲೆ ಗೆರೆ ಎಳೆದಂತಿರುವ ಬೆಟ್ಟಗಳು ಶುರುವಾಗುತ್ತವೆ. ಈ ಬದಲಾವಣೆಯನ್ನು ಕಿಟಕಿಯಿಂದಲೇ ಗುರುತಿಸಬಹುದು. ಗುರುತಿಸಿದ ಮಗುವಿಗೆ ಒಂದು ಚಾಕೊಲೇಟ್ ಕೊಟ್ಟರೂ ತಪ್ಪಿಲ್ಲ. ಏಕೆಂದರೆ ಇಲ್ಲಿಂದಾಚೆಗಿನದು ಕಡಪ ಜಲಾನಯನ ಎಂದು ಭೂವಿಜ್ಞಾನದಲ್ಲಿ ಪ್ರಸಿದ್ಧವಾದ ನೆಲ. ಸುಮಾರು 190 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಕುಸಿದು ಸಮುದ್ರ ಒಳನುಗ್ಗಿತು. ಮರಳು, ಜೇಡಿ, ಸುಣ್ಣ ಪದರ ಪದರವಾಗಿ ಆ ಹಳೆಯ ಗ್ರಾನೈಟಿನ ಮೇಲೆ ಕೂತು ಕಲ್ಲಾದವು. ಕೆಳಗಿನ ಗ್ರಾನೈಟಿಗೂ ಮೇಲಿನ ಮೊದಲ ಪದರಕ್ಕೂ ನಡುವೆ ಐವತ್ತು ಕೋಟಿ ವರ್ಷಕ್ಕೂ ಹೆಚ್ಚಿನ ಅಂತರ. ಇಂಥದೇ ಸಂಧಿಯೊಂದನ್ನು ತಿರುಮಲದ ಘಾಟಿ ರಸ್ತೆಯಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಕಾಪಾಡಲಾಗಿದೆ. ಬೆಟ್ಟ ಹತ್ತುವ ಲಕ್ಷಾಂತರ ಭಕ್ತರಲ್ಲಿ ಅದನ್ನು ನೋಡುವವರು ಕಡಿಮೆ.

ಈ ನೆಲ ಕನ್ನಡನಾಡಿನ ಮನೆಮನೆಗೂ ಪರಿಚಿತ. ಅಡುಗೆಮನೆಯ ಕಟ್ಟೆಗೆ, ಅಟ್ಟಕ್ಕೆ, ಗೋಡೆಯ ಗೂಡಿಗೆ ಹಾಕಿಸುವ ಕಪ್ಪು ಚಪ್ಪಡಿಗೆ ಹೆಂಗಸರು 'ಕಡಪ ಕಲ್ಲು' ಎನ್ನುತ್ತಾರಲ್ಲ, ಅದು ಈ ಸೀಮೆಯ ಸುಣ್ಣಶಿಲೆಯೇ. ಜಮ್ಮಲಮಡುಗು, ತಾಡಿಪತ್ರಿಗಳ ಸುತ್ತಮುತ್ತ ಅದರ ಗಣಿಗಳಿವೆ. ಹಲಗೆಯಂತೆ ಸೀಳಿ ಬರುವುದಕ್ಕೆ ಕಾರಣ, ಅದು ಸಮುದ್ರದ ತಳದಲ್ಲಿ ಪದರವಾಗಿ ಕೂತದ್ದು. ಈ ಮಾತು ಕೇಳಿ ಕಾರಿನಲ್ಲಿದ್ದ ತಾಯಿಗೆ ನಗು ಬಂತು: "ಹಾಗಾದರೆ ದಿನಾ ರೊಟ್ಟಿ ತಟ್ಟೋದು ಸಮುದ್ರದ ತಳದ ಮೇಲೆ ಅನ್ನು!"

ಕಮರಿಯ ಅಂಚಿನಲ್ಲಿ

ಪುಲಿವೆಂದುಲದ ಬಾಳೆ, ಮೂಸಂಬಿ ತೋಟಗಳನ್ನು ದಾಟಿ ಮುದ್ದನೂರಿನ ಮೇಲೆ ಗಂಡಿಕೋಟೆ ಮುಟ್ಟಿದಾಗ ಬಿಸಿಲು ಏರಿತ್ತು. ಕೋಟೆಯ ಹೆಬ್ಬಾಗಿಲ ತಿರುವುಗಳನ್ನು ಹಾಯ್ದರೆ ಒಳಗೆ ಒಂದು ಹಳ್ಳಿಯೇ ಇದೆ. 'ಗಂಡಿ' ಎಂದರೆ ಬೆಟ್ಟದ ಸೀಳು. ಕನ್ನಡದ ಕಂಡಿ, ಗಂಡಿಗಳೂ ಅದೇ ಅರ್ಥದವು. ವಿಜಯನಗರದ ಕಾಲದಲ್ಲಿ ಪೆಮ್ಮಸಾನಿ ನಾಯಕರು ಇಲ್ಲಿ ಆಳಿದರು. 1650ರ ಹೊತ್ತಿಗೆ ಗೋಲ್ಕೊಂಡದ ಸೇನಾನಿ ಮೀರ್ ಜುಮ್ಲಾ ಇದನ್ನು ಗೆದ್ದ. 1652ರಲ್ಲಿ ವಜ್ರದ ವ್ಯಾಪಾರಕ್ಕಾಗಿ ಅಲೆಯುತ್ತಿದ್ದ ಫ್ರೆಂಚ್ ವರ್ತಕ ಟಾವರ್ನಿಯೆ ಅವನನ್ನು ಕಾಣಲು ಇಲ್ಲಿಗೆ ಬಂದು, ಕೋಟೆಯ ಬಗ್ಗೆ ಬರೆದಿಟ್ಟಿದ್ದಾನೆ. ಮುಂದೆ ಹೈದರಾಲಿಯ ಕೈಗೆ ಬಂದ ಕೋಟೆ, ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ 1791ರಲ್ಲಿ ಇಂಗ್ಲಿಷರ ಪಾಲಾಯಿತು. ಮಾಧವರಾಯನ ಗುಡಿಯ ಗೋಪುರ, ಜಾಮಿಯಾ ಮಸೀದಿ, ಕಣಜ, ರಂಗನಾಥನ ಗುಡಿ ಇವೆಲ್ಲ ಒಂದಕ್ಕೊಂದು ಕೂಗಳತೆಯಲ್ಲಿವೆ.

ಇಷ್ಟು ದೊಡ್ಡ ಕೋಟೆಗೆ ಒಂದು ಮಗ್ಗುಲಲ್ಲಿ ಕಂದಕದ ಅಗತ್ಯವೇ ಬೀಳಲಿಲ್ಲ. ಆ ಕೆಲಸವನ್ನು ನದಿಯೇ ಮಾಡಿಕೊಟ್ಟಿತ್ತು.

ಮಸೀದಿಯ ಹಿಂದಿನ ಬಂಡೆಗಳ ನಡುವೆ ಸ್ವಲ್ಪ ದೂರ ನಡೆದರೆ ನೆಲ ಒಮ್ಮೆಲೇ ಮುಗಿಯುತ್ತದೆ. ಎದುರಿಗೆ ಕೆಂಪು ಕಲ್ಲಿನ ಗೋಡೆ. ಇಟ್ಟಿಗೆ ಪೇರಿಸಿದಂತೆ ಅಡ್ಡ ಸಾಲುಗಳು, ಚಾಕುವಿನಿಂದ ಕೊಯ್ದಂತೆ ಲಂಬ ಬಿರುಕುಗಳು. ಆಳ ಸುಮಾರು ಮುನ್ನೂರು ಅಡಿ ಎನ್ನುತ್ತಾರೆ. ತಳದಲ್ಲಿ ಹಸಿರು ನೀರು ಅಲುಗದೆ ನಿಂತಿದೆ. ಮಾತಾಡುತ್ತಿದ್ದ ಮಕ್ಕಳಿಬ್ಬರೂ ಸುಮ್ಮನಾದರು.

ಈ ಕಲ್ಲಿಗೆ ಭೂವಿಜ್ಞಾನಿಗಳು ಈ ಊರಿನ ಹೆಸರನ್ನೇ ಇಟ್ಟು 'ಗಂಡಿಕೋಟ ಕ್ವಾರ್ಟ್ಸೈಟ್' ಎನ್ನುತ್ತಾರೆ. ಸಮುದ್ರತೀರದ ಮರಳು ಗಟ್ಟಿಯಾಗಿ ಮರಳುಗಲ್ಲಾಗಿ, ಮತ್ತೆ ಒತ್ತಡಕ್ಕೆ ಸಿಕ್ಕಿ ಕಣಕ್ಕೆ ಕಣ ಬೆಸೆದುಕೊಂಡು ಕ್ವಾರ್ಟ್ಸೈಟ್ ಆಗುತ್ತದೆ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು, ತುಕ್ಕಿನ ಬಣ್ಣ. ಇದರಲ್ಲಿ ಶಂಖ, ಚಿಪ್ಪು, ಮೀನುಗಳ ಅವಶೇಷ ಹುಡುಕುವುದು ವ್ಯರ್ಥ. ಈ ಮರಳು ಕೂತ ಕಾಲದಲ್ಲಿ ಅಂಥ ಜೀವಿಗಳು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ.

ಮೊಮ್ಮಗಳು ಕೇಳಿದ ಪ್ರಶ್ನೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಬರಬೇಕಾದದ್ದು. "ನೀರು ತಗ್ಗಿನ ಕಡೆ ಹರಿಯುತ್ತೆ ಅಲ್ವಾ? ಬೆಟ್ಟ ಅಡ್ಡ ಇದ್ದರೆ ಸುತ್ತಿ ಹೋಗಬೇಕು. ಇದು ಯಾಕೆ ನಡುವೆಯೇ ಕೊರೀತು?"

ಇಂಥ ಕಡೆಗಳಿಗೆ ಭೂವಿಜ್ಞಾನ ಮುಖ್ಯವಾಗಿ ಎರಡು ವಿವರಣೆಗಳನ್ನು ಕೊಡುತ್ತದೆ. ಒಂದು, ಬೆಟ್ಟಕ್ಕಿಂತ ನದಿಯೇ ಹಿರಿಯದು. ಗರಗಸವನ್ನು ಒಂದೇ ಕಡೆ ಆಡಿಸುತ್ತಾ ಕೆಳಗಿನಿಂದ ಮರದ ದಿಮ್ಮಿಯನ್ನು ಮೆಲ್ಲಗೆ ಎತ್ತಿದರೆ ದಿಮ್ಮಿ ಸೀಳುತ್ತದೆ, ಗರಗಸ ಇದ್ದಲ್ಲೇ ಇರುತ್ತದೆ. ನೆಲ ಮೇಲೇಳುವ ವೇಗಕ್ಕಿಂತ ನದಿ ಕೊರೆಯುವ ವೇಗ ಹೆಚ್ಚಿದ್ದರೆ ನದಿ ದಾರಿ ಬಿಡಬೇಕಾಗಿಲ್ಲ. ಇನ್ನೊಂದು, ನದಿ ಮೊದಲು ಹರಿಯುತ್ತಿದ್ದುದು ಈ ಬೆಟ್ಟದ ಮೇಲೆ ಹೊದಿಕೆಯಂತಿದ್ದ ಮೆತ್ತನೆಯ ಪದರಗಳ ಮೇಲೆ. ಅವು ಸವೆದುಹೋಗುವ ಹೊತ್ತಿಗೆ ಹಾದಿ ಆಳವಾಗಿ ಕೂತುಬಿಟ್ಟು, ಗಟ್ಟಿ ಕಲ್ಲು ಸಿಕ್ಕಾಗಲೂ ಅದೇ ಜಾಡಿನಲ್ಲಿ ಕೊರೆಯಿತು. ಎರಡರಲ್ಲಿ ಯಾವುದೇ ಆದರೂ ಕೆಲಸ ಮಾಡಿದ ಉಳಿ ಒಂದೇ: ಹರಿಯುವ ನೀರು ಮತ್ತು ಅದು ಉರುಳಿಸಿ ತಂದ ಮರಳು, ಕಲ್ಲು. ಬರಿಯ ನೀರು ಕ್ವಾರ್ಟ್ಸೈಟನ್ನು ಹೆಚ್ಚು ಸವೆಸಲಾರದು. ಮರಳುಕಾಗದದಲ್ಲಿ ಕಾಗದವಲ್ಲ, ಮರಳು ಉಜ್ಜುವಂತೆ. ಅದರಲ್ಲೂ ಹೆಚ್ಚಿನ ಕೊರೆತ ನಡೆಯುವುದು ದಿನನಿತ್ಯದ ಹರಿವಿನಲ್ಲಲ್ಲ, ಪ್ರವಾಹಗಳಲ್ಲಿ. ನಂದಿಯ ಸಾಲಿನಲ್ಲಿ ಬಿದ್ದ ಮಳೆ, ದಾರಿಯುದ್ದಕ್ಕೂ ಗ್ರಾನೈಟ್ ಸವೆಸಿ ಹೊತ್ತು ತಂದ ಮರಳು ಎರಡಕ್ಕೂ ಈ ಕಮರಿಯಲ್ಲಿ ಪಾಲುಂಟು.

ಅಂಚಿನಿಂದ ಹಿಂದೆ, ಸಮತಟ್ಟಾದ ಬಂಡೆಯ ಮೇಲೆ ನಿಂತು ಮಕ್ಕಳು ಮಾಡಬಹುದಾದ ಒಂದು ಪ್ರಯೋಗವಿದೆ. ಒಬ್ಬರು ಜೋರಾಗಿ ಚಪ್ಪಾಳೆ ತಟ್ಟಬೇಕು, ಮತ್ತೊಬ್ಬರು ಪ್ರತಿಧ್ವನಿ ಬರುವವರೆಗಿನ ಸಮಯ ಅಳೆಯಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ; ಹೋಗಿ ಬರುವುದಕ್ಕೆ ಒಂದು ಸೆಕೆಂಡ್ ಹಿಡಿದರೆ ಎದುರಿನ ಗೋಡೆ 170 ಮೀಟರ್ ದೂರದಲ್ಲಿದೆ. ಐದಾರು ಸಲ ಅಳೆದು ಸರಾಸರಿ ತೆಗೆದರೆ ಉತ್ತರ ಹೆಚ್ಚು ನಂಬಲರ್ಹ. ಕಲ್ಲೆಸೆದು ಆಳ ಅಳೆಯುವ ಪ್ರಯೋಗ ಮಾತ್ರ ಬೇಡ. ಕೆಳಗೆ ಮೀನು ಹಿಡಿಯುವವರೋ ದನ ಮೇಯಿಸುವವರೋ ಇರಬಹುದು.

ತಾತನ ಪ್ರಶ್ನೆ

ತಾತ ಬಂಡೆಯೊಂದರ ಮೇಲೆ ಕೂತು ಬಹಳ ಹೊತ್ತು ಆ ನೀರನ್ನೇ ನೋಡುತ್ತಿದ್ದರು. ಮುಖದಲ್ಲಿ ಸಂತೋಷ ಕಾಣುತ್ತಿತ್ತು. ಊರಲ್ಲಿ ಬತ್ತಿದರೂ ಇಲ್ಲಿಗೆ ಬಂದು ತಮ್ಮ ಹೊಳೆ ತುಂಬಿಕೊಂಡಿದೆ ಎಂಬ ಸಂತೋಷ. ಅಷ್ಟರಲ್ಲಿ ಕೋಟೆಯೊಳಗಿನ ಹಳ್ಳಿಯ ಮುದುಕರೊಬ್ಬರು ಆಡುಗಳನ್ನು ಹೊಡೆದುಕೊಂಡು ಆ ಕಡೆ ಬಂದರು. ಗೌರಿಬಿದನೂರಿನವರಿಗೆ ತೆಲುಗು ಹೊಸದಲ್ಲ. ತಾತ ವಿಚಾರಿಸಿದರು. ಬಂದ ಉತ್ತರ ಎರಡೇ ಮಾತಿನದು: "ಶ್ರೀಶೈಲಂ ನೀಳ್ಳು."

ಮಾತು ನಿಜ. ಕಂದರದ ಮೇಲ್ಗಡೆ ಪೆನ್ನೆಗೆ ಅಡ್ಡಲಾಗಿ ಗಂಡಿಕೋಟೆ ಜಲಾಶಯವಿದೆ. ಅದರ ಸಾಮರ್ಥ್ಯ 26.85 ಟಿಎಂಸಿ. ಅದನ್ನು ಕಟ್ಟುವಾಗ ಹಲವು ಹಳ್ಳಿಗಳು ಮುಳುಗಿದವು. ಕೆಳಗಡೆ ಮೈಲಾವರಂ ಜಲಾಶಯ. ಕೋಟೆಯಿಂದ ಕಾಣುವುದು ಮೈಲಾವರಂ ಅಣೆಕಟ್ಟಿನ ಹಿನ್ನೀರು. ಗಂಡಿಕೋಟೆ ಜಲಾಶಯಕ್ಕೆ ಆಸರೆಯಾಗಿರುವುದು ಮುಖ್ಯವಾಗಿ ಶ್ರೀಶೈಲದಿಂದ ಗಾಲೇರು–ನಗರಿ ಕಾಲುವೆಯಲ್ಲಿ ಬರುವ ಕೃಷ್ಣಾ ನೀರು. ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆ, ಅದಕ್ಕೆ ಬಂದು ಸೇರಿದ ಭೀಮೆ, ತುಂಗಭದ್ರೆಯರ ನೀರು ಅದು. ಒಳ್ಳೆಯ ಮಳೆಯ ವರ್ಷಗಳಲ್ಲಿ ಪೆನ್ನೆ, ಚಿತ್ರಾವತಿಯರ ಸ್ವಂತ ಪ್ರವಾಹವೂ ಬಂದು ಕೂಡಿಕೊಳ್ಳುತ್ತದೆ. ಆದರೆ ವರ್ಷ ವರ್ಷವೂ ನಂಬಬಹುದಾದ ನೀರು ಬೇರೆ ನದಿಯದು. ಬರಗಾಲಕ್ಕೆ ಹೆಸರಾದ ರಾಯಲಸೀಮೆಯ ರೈತನಿಗೆ ಅದು ಜೀವದ ನೀರು; ಅದನ್ನು ತಪ್ಪೆನ್ನಲಾಗದು.

ವಿಚಿತ್ರವೆಂದರೆ ನದಿಯ ಇನ್ನೊಂದು ತುದಿಯಲ್ಲೂ ಇದೇ ಕಥೆ. ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಬೆಂಗಳೂರಿನ ನಲ್ಲಿಗಳಲ್ಲಿ ಹರಿಯುವುದು ಕಾವೇರಿ. ಎಂದರೆ ಪಿನಾಕಿನಿಯ ತವರಿನ ಕೆರೆಗೆ ಕಾವೇರಿಯ ಬಳಸಿದ ನೀರು, ಪಿನಾಕಿನಿ ಕೊರೆದ ಕಮರಿಗೆ ಕೃಷ್ಣೆಯ ನೀರು. ನಡುವೆ ಪಿನಾಕಿನಿಗೆ ಉಳಿದದ್ದು ಸೀಮೆಜಾಲಿ ಬೆಳೆದ ಪಾತ್ರ.

ಗಂಡಿಕೋಟೆಯನ್ನು 'ಭಾರತದ ಗ್ರ್ಯಾಂಡ್ ಕ್ಯಾನ್ಯನ್' ಎಂದು ಕರೆಯುವುದುಂಟು. ಅಮೆರಿಕದ ಅರಿಜೋನಾದಲ್ಲಿ ಕೊಲರಾಡೊ ನದಿ ಕೊರೆದ ಆ ಕಂದರ 446 ಕಿ.ಮೀ. ಉದ್ದ, ಕೆಲವೆಡೆ 1,800 ಮೀಟರ್ ಆಳ. ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಹೋಲಿಕೆ ಇರುವುದು ಬೇರೆ ಕಡೆ. ಅದರ ಮೇಲ್ಗಡೆಯೂ ಒಂದು ಜಲಾಶಯ, ಕೆಳಗಡೆಯೂ ಒಂದು ಜಲಾಶಯ. ಅಂಥ ಕಂದರವನ್ನು ಕೊರೆದ ಕೊಲರಾಡೊ ಕೂಡ ಈಗ ಬಹುತೇಕ ವರ್ಷಗಳಲ್ಲಿ ಸಮುದ್ರ ಮುಟ್ಟುವ ಮೊದಲೇ ಬತ್ತಿಹೋಗುತ್ತದೆ.

ಹೋಗುವವರಿಗೆ

ಗಂಡಿಕೋಟೆ ಜಮ್ಮಲಮಡುಗಿನಿಂದ ಸುಮಾರು 15 ಕಿ.ಮೀ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಅಕ್ಟೋಬರಿನಿಂದ ಫೆಬ್ರುವರಿವರೆಗಿನ ಕಾಲ ಹಿತ. ಬೆಳಗ್ಗೆ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಕಲ್ಲಿನ ಪದರಗಳು ನೆರಳು ಬೆಳಕುಗಳಾಗಿ ಎದ್ದು ಕಾಣುತ್ತವೆ. ಒಂದು ರಾತ್ರಿ ಉಳಿಯುವ ಅನುಕೂಲವಿದ್ದರೆ ಇನ್ನೂ ಒಳ್ಳೆಯದು. ಚಾಲಕನಿಗೆ ವಿಶ್ರಾಂತಿ ಸಿಗುತ್ತದೆ, ಮರುದಿನ ಬೇಲಂ ಗುಹೆಗಳನ್ನೂ ನೋಡಬಹುದು. ಕುಡಿಯುವ ನೀರು, ಟೋಪಿ, ಗಟ್ಟಿ ಚಪ್ಪಲಿ ಇರಲಿ. ಕಮರಿಯ ಅಂಚಿನುದ್ದಕ್ಕೂ ಬೇಲಿ ಇಲ್ಲ. ಬಂಡೆಗಳ ನಡುವೆ ಬಿರುಕುಗಳಿವೆ. ತುದಿಬಂಡೆಯ ಮೇಲೆ ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳುವ ಹುಚ್ಚು ಜೀವಕ್ಕೆ ಎರವಾಗುತ್ತದೆ. ಚಿಕ್ಕ ಮಕ್ಕಳ ಕೈ ಬಿಡಬಾರದು, ದೊಡ್ಡ ಮಕ್ಕಳ ಮೇಲಿನ ಕಣ್ಣೂ ತೆಗೆಯಬಾರದು.

ಮೂರೂವರೆಗೆ ಆ ಕುಟುಂಬ ವಾಪಸು ಹೊರಟಿತು. ಹಿಂದೂಪುರದ ಸೇತುವೆಗೆ ಬಂದಾಗ ಕತ್ತಲಾಗಿತ್ತು. ತಾತ ಕಾರು ನಿಲ್ಲಿಸಲು ಹೇಳಿದರು. ಮಕ್ಕಳೂ ಇಳಿದರು. ಕೆಳಗೆ ಏನೂ ಕಾಣುತ್ತಿರಲಿಲ್ಲ, ಕಪ್ಪೆಯ ಸದ್ದೂ ಇರಲಿಲ್ಲ.

"ತಾತ, ಮರಳು ಬಿಟ್ಟರೆ, ಕೆರೆ ಹೂಳು ತೆಗೆದರೆ, ತಲಪರಿಗೆ ಮತ್ತೆ ಬರುತ್ತಾ?" ಎಂದಳು ಮೊಮ್ಮಗಳು.

"ನಾನು ನೋಡೋವಷ್ಟು ಬೇಗ ಬರಲ್ಲಮ್ಮ" ಎಂದರು ತಾತ. ಸ್ವಲ್ಪ ತಡೆದು, "ಬೆಟ್ಟ ಕೊರೆಯೋಕೆ ಅದಕ್ಕೆ ಎಷ್ಟು ವರ್ಷ ಹಿಡೀತು ಅಂತ ನೋಡಿದ್ಯಲ್ಲ. ನೀವು ನೋಡಬಹುದು" ಎಂದರು.

ಕಾರು ಮತ್ತೆ ಹೊರಟಿತು. ಮೊಮ್ಮಗಳ ಜೇಬಿನಲ್ಲಿ ದಾರಿ ಬದಿಯಲ್ಲಿ ಆರಿಸಿಕೊಂಡ ಎರಡು ಕಲ್ಲುಗಳಿದ್ದವು: ಕದಿರಿಯ ಈಚೆ ಸಿಕ್ಕ ಬೂದು ಗ್ರಾನೈಟಿನ ಚೂರು ಒಂದು, ಮುದ್ದನೂರಿನ ಆಚೆ ಸಿಕ್ಕ ಕೆಂಪು ಕಲ್ಲು ಇನ್ನೊಂದು. ಸೋಮವಾರ ಅವೆರಡನ್ನೂ ತರಗತಿಗೆ ಒಯ್ಯುವುದೆಂದು ಅವಳು ಆಗಲೇ ತೀರ್ಮಾನಿಸಿದ್ದಳು.